ಕಾಯಿಲ್‌ಓವರ್ ಸಸ್ಪೆನ್ಷನ್: ಸುಖಸವಾರಿಗೆ ಹೊಂದಾಣಿಕೆ

ಶಾಕ್ ಅಬ್ಸಾರ್ಬರ್ ಸುತ್ತ ಸುರುಳಿ ಸ್ಪ್ರಿಂಗ್ ಕೂರಿಸಿದ ಜೋಡಣೆಯೇ ಕಾಯಿಲ್‌ಓವರ್. ಹೊಂದಿಸಬಲ್ಲ ಬಗೆಯಲ್ಲಿ ಶಾಕ್‌ನ ಹೊರಮೈಗೆ ಥ್ರೆಡ್ ಇರುತ್ತದೆ. ಅದರ ಮೇಲಿನ ರಿಂಗ್‌ಗಳನ್ನು ಸಿ-ಸ್ಪ್ಯಾನರ್‌ನಿಂದ ತಿರುಗಿಸಿ ಕಾರಿನ ಎತ್ತರ ಬದಲಿಸುತ್ತಾರೆ. ರೇಸಿಂಗ್ ಕಾರುಗಳಲ್ಲಿ ಹೆಚ್ಚು ಬಳಕೆಯಾಗುವ ಈ ಸಾಧನ ದಿನನಿತ್ಯದ ರಸ್ತೆಯಲ್ಲಿ ಒರಟೆನಿಸುವುದುಂಟು.

ಸವಾರಿ ಹದಗೆಡಲು ಮುಖ್ಯ ಕಾರಣ ಕಾರನ್ನು ಅತಿಯಾಗಿ ತಗ್ಗಿಸುವುದು. ಆಗ ಚಕ್ರ ಮೇಲೇಳಲು ಜಾಗ ಸಾಲದೆ ಶಾಕ್ ಪದೇಪದೇ ಕೊನೆಯ ತಡೆಯಾದ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಹಂಪ್ ದಾಟುವಾಗ 'ದಡ್' ಎಂದು ಹೊಡೆದರೆ ಮೊದಲು ಎತ್ತರ ಹೆಚ್ಚಿಸಬೇಕು. ಶಾಕ್‌ನ ಬಿಗಿತ ಹೊಂದಿಸುವ ಡ್ಯಾಂಪಿಂಗ್ ನಾಬ್ ಮುಟ್ಟುವುದು ಆಮೇಲೆ. ಕೆಳ ಬ್ರಾಕೆಟ್ ಪ್ರತ್ಯೇಕವಾಗಿ ಹೊಂದಿಸಬಲ್ಲ ಬಗೆಯಲ್ಲಿ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಟ್ಟ ಪ್ರಮಾಣ) ಕದಲಿಸದೆಯೇ ಎತ್ತರ ಬದಲಿಸಬಹುದು. ಪ್ರೀಲೋಡ್ ಸಡಿಲಿಸಿದರೆ ಸ್ಪ್ರಿಂಗ್ ಮೆದುವಾಗುತ್ತದೆಂಬ ನಂಬಿಕೆ ತಪ್ಪು. ಏಕರೂಪದ ಸ್ಪ್ರಿಂಗ್‌ನ ಗಡಸುತನವನ್ನು ತಂತಿಯ ದಪ್ಪ, ಸುರುಳಿಯ ವ್ಯಾಸ, ಸುತ್ತುಗಳ ಸಂಖ್ಯೆ ಮತ್ತು ಲೋಹದ ಗುಣ ನಿರ್ಧರಿಸುತ್ತವೆ. ಒಂದು ಮಿಲಿಮೀಟರ್ ಕುಗ್ಗಲು 60 ನ್ಯೂಟನ್ ಬಲ ಬೇಡುವ ಸ್ಪ್ರಿಂಗ್, ಹೇಗೆ ಕೂರಿಸಿದರೂ ಅಷ್ಟನ್ನೇ ಬೇಡುತ್ತದೆ. ತೀರಾ ಗಡುಸೆನಿಸಿದರೆ ಸ್ಪ್ರಿಂಗನ್ನೇ ಬದಲಿಸುವುದು ಸರಿಯಾದ ದಾರಿ.

ಡ್ಯಾಂಪಿಂಗ್ ನಾಬ್ ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಪೂರ್ತಿ ಬಿಗಿಯಿಂದ ಹಿಂದಕ್ಕೆ ಕ್ಲಿಕ್ ಎಣಿಸುತ್ತ, ಒಮ್ಮೆಗೆ ಒಂದೆರಡರಂತೆ ಸಡಿಲಿಸಿ, ಪ್ರತಿಸಲವೂ ಅದೇ ರಸ್ತೆಯಲ್ಲಿ ಓಡಿಸಿ ನೋಡಬೇಕು. ಎಡಬಲ ಚಕ್ರಗಳಿಗೆ ಕ್ಲಿಕ್ ಸಮನಾಗಿರಲಿ. ಅತಿ ಸಡಿಲವಾದರೆ ಉಬ್ಬು ದಾಟಿದ ಮೇಲೂ ಕಾರು ತೂಗಾಡುತ್ತದೆ. ರೀಬೌಂಡ್ (ಕುಗ್ಗಿದ ಶಾಕ್ ಮತ್ತೆ ಚಾಚಿಕೊಳ್ಳುವುದು) ಅತಿ ಬಿಗಿಯಾದರೆ ಸಾಲು ಗುಂಡಿಗಳಲ್ಲಿ ಚಕ್ರ ಕೆಳಗಿಳಿಯಲು ಪುರುಸೊತ್ತಿಲ್ಲದೆ ಕಾರು ಕುಸಿಯುತ್ತ ಹೋಗುತ್ತದೆ. ಎತ್ತರ ಬದಲಿಸಿದ ಮೇಲೆ ಲಾಕ್ ರಿಂಗ್ ಬಿಗಿದು, ವ್ಹೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.