ಹೃದಯ, ರಕ್ತನಾಳಗಳ ದೈಹಿಕ ತಪಾಸಣೆ
ಕಗ್ಗದಾಸಪುರದ ಸಣ್ಣ ಕ್ಲಿನಿಕ್ ಇರಲಿ, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ ಇರಲಿ, ಹೃದಯದ ತಪಾಸಣೆ ಸಾಮಾನ್ಯವಾಗಿ ಮಣಿಕಟ್ಟಿನ ನಾಡಿಯಿಂದಲೇ ಆರಂಭ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100 ಬಾರಿ ಮಿಡಿಯಬೇಕು, ಲಯ ತಪ್ಪಿರಬಾರದು. ತೊಡೆಸಂದಿನ ನಾಡಿ ಮಣಿಕಟ್ಟಿನದಕ್ಕಿಂತ ತಡವಾಗಿ, ಕ್ಷೀಣವಾಗಿ ಮಿಡಿದರೆ ಮಹಾಪಧಮನಿ ಜನ್ಮತಃ ಕಿರಿದಾಗಿರುವ ಶಂಕೆ. ಯುವಜನರ ಅಧಿಕ ರಕ್ತದೊತ್ತಡಕ್ಕೆ ಇದೂ ಒಂದು ಕಾರಣ. ಅವಸರದ ತಪಾಸಣೆಯಲ್ಲಿ ಬಿಟ್ಟುಹೋಗುವುದೂ ಇದೇ. ಕೊರಳಿನ ಅಭಿಧಮನಿಯ ಉಬ್ಬು, ಪಾದದ ಊತ ಹೃದಯ ವೈಫಲ್ಯದ ಸುಳಿವು.

1816ರಲ್ಲಿ ಫ್ರಾನ್ಸ್‌ನ ಲೆನೆಕ್ ರೂಪಿಸಿದ ಸ್ಟೆತಸ್ಕೋಪ್‌ಗೆ ಕವಾಟದ ದೋಷ ಮರ್ಮರವಾಗಿ ಕೇಳಿಸುತ್ತದೆ. ಆದರೆ ರಕ್ತನಾಳ ಕಟ್ಟಿಕೊಂಡ ಹೃದಯದ ಬಡಿತವೂ ಸಹಜವಾಗಿಯೇ ಕೇಳಿಸಬಹುದು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ನಿಧನದ ಬಳಿಕ ಜಯದೇವದಲ್ಲಿ ತಪಾಸಣೆಗೆ ಜನ ಮುಗಿಬಿದ್ದಿದ್ದು ಈ ಆತಂಕದಿಂದಲೇ. ಎದೆನೋವಿದ್ದಾಗ ಇಸಿಜಿ ಕಡ್ಡಾಯ. ಮೊದಲ ಇಸಿಜಿಯೂ ಸಹಜವಾಗಿರಬಹುದು. ನೋವು ನಿಲ್ಲದಿದ್ದರೆ ವೈದ್ಯರು ಅದನ್ನು ಮತ್ತೆ ಮಾಡಿಸುತ್ತಾರೆ.