ಕುರುಡಾದ ಕಣ್ಣಿಗೆ ಪಾಚಿಯ ಜೀನ್

ಹುಟ್ಟಿನಿಂದ ಸರಿಯಾಗಿದ್ದ ದೃಷ್ಟಿ ಹರೆಯದಲ್ಲಿ ಮಸುಕಾಗತೊಡಗಿ, ವರ್ಷಗಳು ಉರುಳಿದಂತೆ ಇಲ್ಲವಾಗುತ್ತ ಹೋಗುವ ಕಾಯಿಲೆಗಳ ಪೈಕಿ ರೆಟಿನೈಟಿಸ್ ಪಿಗ್ಮೆಂಟೋಸಾ ಪ್ರಮುಖವಾದುದು. ಸುಮಾರು 4,000 ಮಂದಿಯಲ್ಲಿ ಒಬ್ಬರಿಗೆ ಬರುವ ಈ ಆನುವಂಶಿಕ ರೋಗಕ್ಕೆ ಮದ್ದಿಲ್ಲವೆಂದೇ ದೀರ್ಘಕಾಲ ಭಾವಿಸಲಾಗಿತ್ತು. ಇದರಿಂದ ಬೆಳಕು ಕಳೆದುಕೊಂಡ ಕಣ್ಣಿಗೆ, ಒಂದು ಸೂಕ್ಷ್ಮ ಪಾಚಿಯಿಂದ ಎರವಲು ಪಡೆದ ಜೀನ್ ಮೂಲಕ ಸ್ವಲ್ಪಮಟ್ಟಿನ ದೃಷ್ಟಿ ಮರಳಿಸುವ ವಿಧಾನವೇ ಆಪ್ಟೋಜೆನೆಟಿಕ್ಸ್ ಚಿಕಿತ್ಸೆ.

ರೋಗದ ಸ್ವರೂಪ: ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದಲ್ಲಿ ಸುಮಾರು 12 ಕೋಟಿ ದಂಡಕೋಶಗಳೂ 60 ಲಕ್ಷ ಶಂಕುಕೋಶಗಳೂ ಇರುತ್ತವೆ. ಮಂದ ಬೆಳಕಿನಲ್ಲಿ ಕಾಣಲು ದಂಡಕೋಶಗಳು ಬೇಕು. ಬಣ್ಣ ಮತ್ತು ಸೂಕ್ಷ್ಮ ವಿವರಗಳಿಗೆ ಶಂಕುಕೋಶಗಳು ಬೇಕು. ಈ ರೋಗದಲ್ಲಿ ಸಾಮಾನ್ಯವಾಗಿ ಮೊದಲು ದಂಡಕೋಶಗಳು ಸಾಯುತ್ತವೆ. ಆದ್ದರಿಂದಲೇ ಇರುಳುಗುರುಡು ಇದರ ಮೊದಲ ಲಕ್ಷಣ. ಬಳಿಕ ದೃಷ್ಟಿಯ ಅಂಚುಗಳು ಮುಚ್ಚಿಕೊಂಡು, ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಕೊನೆಗೆ ಶಂಕುಕೋಶಗಳೂ ನಶಿಸುತ್ತವೆ. 80ಕ್ಕೂ ಹೆಚ್ಚು ಜೀನ್‌ಗಳ ದೋಷ ಈ ರೋಗಕ್ಕೆ ಕಾರಣವಾಗಬಲ್ಲದು. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ರೂಢಿಯಲ್ಲಿರುವ ರಕ್ತಸಂಬಂಧದ ಮದುವೆಗಳು ಇಂತಹ ಕೆಲವು ದೋಷಗಳು ಮಕ್ಕಳಲ್ಲಿ ಪ್ರಕಟವಾಗುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ಚಿಕಿತ್ಸೆಯ ತತ್ತ್ವ: ಬೆಳಕನ್ನು ಗ್ರಹಿಸುವ ಕೋಶಗಳು ಸತ್ತರೂ, ಮಿದುಳಿಗೆ ಸಂದೇಶ ಒಯ್ಯುವ ಗ್ಯಾಂಗ್ಲಿಯಾನ್ ಕೋಶಗಳು ಬಹುಮಟ್ಟಿಗೆ ಉಳಿದಿರುತ್ತವೆ. ಮನೆಯ ತಂತಿಜಾಲವೆಲ್ಲ ಸರಿಯಿದ್ದು ವಿದ್ಯುತ್ತು ಮಾತ್ರ ಬಾರದಂತಹ ಸ್ಥಿತಿ ಇದು. ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯು ಬೆಳಕಿನತ್ತ ಈಜಲು ಚಾನೆಲ್‌ರೊಡಾಪ್ಸಿನ್ ಎಂಬ ಪ್ರೋಟೀನನ್ನು ಬಳಸುತ್ತದೆ. ಬೆಳಕು ಬಿದ್ದೊಡನೆ ಈ ಪ್ರೋಟೀನ್ ತನ್ನಲ್ಲಿನ ರಂಧ್ರವನ್ನು ತೆರೆದು ವಿದ್ಯುದಂಶವುಳ್ಳ ಕಣಗಳನ್ನು ಒಳಬಿಡುತ್ತದೆ. ಇದರ ಜೀನನ್ನು ನಿರುಪದ್ರವಿ ವೈರಸ್ ಮೂಲಕ ಕಣ್ಣಿಗೆ ಚುಚ್ಚಿದರೆ, ಉಳಿದಿರುವ ಕೋಶಗಳೇ ಬೆಳಕಿಗೆ ಸ್ಪಂದಿಸತೊಡಗುತ್ತವೆ.

ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಅನುಮತಿ ಪಡೆದ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆಗಿಂತ ಇದು ಭಿನ್ನ. ಲಕ್ಸ್‌ಟರ್ನಾ ಆರ್‌ಪಿಇ65 ಎಂಬ ಒಂದೇ ಜೀನ್‌ನ ದೋಷವನ್ನು ನೀಗಿಸುತ್ತದೆ. ಅದಕ್ಕೆ ಅಕ್ಷಿಪಟಲದಲ್ಲಿ ಜೀವಂತ ಕೋಶಗಳು ಸಾಕಷ್ಟು ಉಳಿದಿರಬೇಕು. ಆಪ್ಟೋಜೆನೆಟಿಕ್ಸ್‌ಗೆ ಮೂಲ ದೋಷ ಯಾವ ಜೀನ್‌ನದೆಂಬುದು ಮುಖ್ಯವಲ್ಲ.

ಪ್ರಯೋಗಗಳ ಹಾದಿ: 2006ರಲ್ಲಿ ಡೆಟ್ರಾಯಿಟ್‌ನ ವೇನ್ ಸ್ಟೇಟ್ ವಿಶ್ವವಿದ್ಯಾಲಯದ ಝುವೋ-ಹುವಾ ಪಾನ್ ಮತ್ತು ಸಂಗಡಿಗರು ಕುರುಡು ಇಲಿಗಳ ಅಕ್ಷಿಪಟಲ ಹೀಗೆ ಬೆಳಕಿಗೆ ಸ್ಪಂದಿಸುವುದನ್ನು ತೋರಿಸಿದರು. ಹತ್ತು ವರ್ಷಗಳ ಬಳಿಕ, 2016ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ ಮನುಷ್ಯರ ಮೇಲಿನ ಮೊದಲ ಪ್ರಯೋಗ ಆರಂಭವಾಯಿತು.

ದೃಷ್ಟಿ ಭಾಗಶಃ ಮರಳಿದ ಮೊದಲ ವರದಿ 2021ರ ಮೇ ತಿಂಗಳಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಜೋಸ್-ಅಲೇನ್ ಸಾಹೆಲ್ ಮತ್ತು ಬೋಟೊಂಡ್ ರೋಸ್ಕಾ ಅವರ ತಂಡ 58 ವರ್ಷದ ಪುರುಷನೊಬ್ಬನ ಒಂದು ಕಣ್ಣಿಗೆ ಚಿಕಿತ್ಸೆ ನೀಡಿತ್ತು. ಆತನಿಗೆ ರೋಗ ಪತ್ತೆಯಾಗಿ 40 ವರ್ಷ ಸಂದಿತ್ತು. ಕ್ಯಾಮೆರಾ ಅಳವಡಿಸಿದ ವಿಶೇಷ ಕನ್ನಡಕವು ಸುತ್ತಲಿನ ದೃಶ್ಯವನ್ನು ಹಳದಿಗೆಂಪು ಬೆಳಕಾಗಿ ಪರಿವರ್ತಿಸಿ ಅಕ್ಷಿಪಟಲದ ಮೇಲೆ ಹಾಯಿಸುತ್ತಿತ್ತು. ತಿಂಗಳುಗಟ್ಟಲೆ ತರಬೇತಿಯ ನಂತರ ಆತ ರಸ್ತೆ ದಾಟುವ ಬಿಳಿ ಪಟ್ಟೆಗಳನ್ನು ಗುರುತಿಸಿದ; ಮೇಜಿನ ಮೇಲಿನ ಪುಸ್ತಕವನ್ನು ಮುಟ್ಟಿದ; ಲೋಟಗಳನ್ನು ಎಣಿಸಿದ. ಕನ್ನಡಕ ತೆಗೆದರೆ ಇದಾವುದೂ ಸಾಧ್ಯವಾಗಲಿಲ್ಲ.

ಕನ್ನಡಕದ ಹಂಗಿಲ್ಲದ ವಿಧಾನವನ್ನು ಅಮೆರಿಕದ ಡಲ್ಲಾಸ್‌ನ ನ್ಯಾನೊಸ್ಕೋಪ್ ಕಂಪನಿ ರೂಪಿಸಿದೆ. ಸಾಮಾನ್ಯ ಬೆಳಕಿಗೇ ಸ್ಪಂದಿಸುವಂತೆ ರಚಿಸಿದ ಇದರ ಆರಂಭಿಕ ಪ್ರಯೋಗ ಭಾರತದಲ್ಲೇ, 11 ರೋಗಿಗಳ ಮೇಲೆ ನಡೆಯಿತು. ಅಮೆರಿಕದಲ್ಲಿ ನಡೆದ ಮುಂದಿನ ಹಂತದ ಪ್ರಯೋಗದಲ್ಲಿ ರೋಗಿಗಳ ದೃಷ್ಟಿ ಸುಧಾರಿಸಿತೆಂದು ಕಂಪನಿಯು 2024ರ ಮಾರ್ಚ್‌ನಲ್ಲಿ ಪ್ರಕಟಿಸಿತು.

ಇತಿಮಿತಿಗಳು: ಈ ಪ್ರೋಟೀನ್‌ಗಳಿಗೆ ಸಹಜ ದೃಷ್ಟಿಕೋಶಗಳಷ್ಟು ಸೂಕ್ಷ್ಮತೆಯಿಲ್ಲ. ಅಕ್ಷಿಪಟಲದ ಹಲವು ಪದರಗಳು ಮಾಡುವ ಸಂಸ್ಕರಣೆಯೂ ಇಲ್ಲಿ ತಪ್ಪಿಹೋಗುವುದರಿಂದ, ಹೊಸ ಸಂಕೇತಗಳನ್ನು ಅರ್ಥೈಸಲು ಮಿದುಳು ಕಲಿಯಬೇಕಾಗುತ್ತದೆ. ವೈರಸ್ ವಾಹಕದಿಂದ ಕಣ್ಣಿನಲ್ಲಿ ಉರಿಯೂತ ಉಂಟಾಗುವ ಸಂಭವವೂ ಉಂಟು. 2021ರಲ್ಲಿ ವರದಿಯಾದ ರೋಗಿಗೆ ದೊರೆತದ್ದು ಮುಖ ಗುರುತಿಸುವ, ಅಕ್ಷರ ಓದುವ ದೃಷ್ಟಿಯಲ್ಲ. ಗ್ಲುಕೋಮಾದಂತೆ ದೃಷ್ಟಿನರವೇ ಹಾಳಾದವರಿಗೆ ಈ ವಿಧಾನ ಉಪಯುಕ್ತವಲ್ಲ.

ಆದ್ದರಿಂದ ಖಚಿತ ಗುಣದ ಭರವಸೆ ನೀಡುವ ಜಾಹೀರಾತುಗಳಿಗೆ ಮರುಳಾಗದೆ, ಇರುಳುಗುರುಡಿನ ಲಕ್ಷಣ ಕಂಡಾಗಲೇ ನೇತ್ರತಜ್ಞರನ್ನು ಕಾಣುವುದೂ, ಕುಟುಂಬದಲ್ಲಿ ರೋಗವಿದ್ದರೆ ಆನುವಂಶಿಕ ಸಲಹೆ ಪಡೆಯುವುದೂ ಒಳಿತು. ಪೂರ್ಣ ದೃಷ್ಟಿ ಇನ್ನೂ ದೂರದ ಮಾತು. ಆದರೆ ದಶಕಗಳ ಕತ್ತಲೆಯಲ್ಲಿ ಬದುಕಿದವರಿಗೆ ಬಾಗಿಲೆಲ್ಲಿದೆ, ಎದುರಿಗೆ ಯಾರೋ ನಿಂತಿದ್ದಾರೆಯೇ ಎಂದು ತಿಳಿಯುವುದೂ ಸಣ್ಣ ಸಂಗತಿಯಲ್ಲ.