ಅಳಿವೆಯ ಉಪ್ಪು, ಅಣೆಕಟ್ಟಿನ ನೀರು

1930ರ ಸತ್ಯಾಗ್ರಹದಿಂದ ಅಂಕೋಲೆಯ ಉಪ್ಪಿಗೆ ನಾಡಿನ ಇತಿಹಾಸದಲ್ಲಿ ಸ್ಥಾನ ಸಿಕ್ಕಿತು. ಆದರೆ ಈ ಕರಾವಳಿಯ ರೈತನಿಗೂ ಮೀನುಗಾರನಿಗೂ ಉಪ್ಪು ಅದಕ್ಕಿಂತ ಬಹಳ ಹಿಂದಿನಿಂದಲೇ ಅನ್ನದ ಪ್ರಶ್ನೆ. ಹೊಳೆಯ ಸಿಹಿನೀರು ಸಮುದ್ರದ ಭರತಕ್ಕೆ ಎದುರಾಗುವ ಅಳಿವೆಯಲ್ಲಿ ಯಾವ ತಿಂಗಳು ಎಷ್ಟು ಉಪ್ಪು ಎಂಬುದರ ಮೇಲೆ ಗದ್ದೆ, ಮೀನು, ಚಿಪ್ಪಿ ಎಲ್ಲವೂ ನಿಂತಿವೆ.

ಅಳಿವೆಯ ದಂಡೆಯ ತಗ್ಗು ಗದ್ದೆಗೆ ಗಜನಿ ಎಂದು ಹೆಸರು. ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತಿದ್ದರು. ಗೊಬ್ಬರ ಬೇಡ, ಔಷಧ ಬೇಡ; ನೆರೆಯಲ್ಲಿ ಕೆಲ ದಿನ ಮುಳುಗಿದರೂ, ಉಪ್ಪುನೀರು ತಾಗಿದರೂ ತಾಳಿಕೊಳ್ಳುವ ಎತ್ತರದ ಪೈರು ಅದು. ಕೊಯ್ಲಾದ ಬಳಿಕ ಉಪ್ಪುನೀರು ಒಳಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಮುಂದೆ ಸಿಗಡಿಯ ಹಣ ಕಂಡ ಅನೇಕ ಗಜನಿಗಳು ಭತ್ತವನ್ನೇ ಮರೆತವು. ಕರಾವಳಿಯ ಸಿಗಡಿ ಕೆರೆಗಳಿಗೆ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ತಡೆಯೊಡ್ಡಿತಾದರೂ ಭತ್ತ ಹಿಂದಿರುಗಲಿಲ್ಲ. ಈಗ ಕಗ್ಗ ಹೆಚ್ಚಾಗಿ ಉಳಿದಿರುವುದು ನೆರೆಯ ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಸುತ್ತಮುತ್ತ.

ಹೊಳೆಗಳ ಮೇಲೆ ವಿದ್ಯುತ್ತಿನ ಕಣ್ಣೂ ಬಿತ್ತು. ಕಾರವಾರದಲ್ಲಿ ಸಮುದ್ರ ಸೇರುವ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳ ಕೈಗಾ ಅಣುಸ್ಥಾವರವನ್ನು ತಂಪಾಗಿಡುವುದೂ ಕದ್ರಾ ಜಲಾಶಯದ ನೀರೇ. ಅಂಕೋಲೆಗೆ ಗಂಗಾವಳಿಯಾಗಿ ಇಳಿದುಬರುವ ಬೇಡ್ತಿಗೂ ಜಲವಿದ್ಯುತ್ ಯೋಜನೆ ಸಿದ್ಧವಾಗಿತ್ತು. 1981ರಲ್ಲಿ ಶಿರಸಿಯ ವಿಚಾರಸಂಕಿರಣದಲ್ಲಿ ತಜ್ಞರು ಲಾಭ-ನಷ್ಟ ತೂಗಿ ನೋಡಿದರು. ಜನವಿರೋಧದ ನಡುವೆ ಯೋಜನೆ ಮೂಲೆ ಸೇರಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಅಣೆಕಟ್ಟು ಇದ್ದರೆ, ಇಲ್ಲದಿದ್ದರೆ ಅಳಿವೆಗೆ ಏನಾಗುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿ. ಸುಭಾಷ್‌ಚಂದ್ರನ್, ಟಿ.ವಿ. ರಾಮಚಂದ್ರ ಮೊದಲಾದವರು ಜಿಲ್ಲೆಯ ಅಳಿವೆಗಳನ್ನು ಹೋಲಿಸಿ ಅಧ್ಯಯನ ಮಾಡಿದರು. ಹೊನ್ನಾವರದ ಶರಾವತಿಯಲ್ಲಿ ವಿದ್ಯುದಾಗಾರ ದಾಟಿದ ಸಿಹಿನೀರು ಬೇಸಿಗೆಯಲ್ಲೂ ಹರಿದು ಉಪ್ಪಿನಂಶ ತಗ್ಗಿತು. ಜನ ಆಯ್ದು ತಿನ್ನುತ್ತಿದ್ದ ಚಿಪ್ಪಿ ಕ್ಷೀಣಿಸಿತು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅದು ಸಮೃದ್ಧ. ಕಲ್ಲಿದ್ದಲ ಹೊಗೆಗೆ ಹೋಲಿಸಿ ಜಲವಿದ್ಯುತ್ತನ್ನು ಶುದ್ಧ ಎನ್ನುವ ಲೆಕ್ಕದಲ್ಲಿ ಈ ಚಿಪ್ಪಿ ಸೇರುವುದು ಅಪರೂಪ.

ಹವಾಮಾನ ಬದಲಾವಣೆ ಲೆಕ್ಕವನ್ನು ಇನ್ನಷ್ಟು ಕಠಿಣಗೊಳಿಸಿದೆ. 2019ರ ಆಗಸ್ಟಿನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು ಮುಳುಗಿದವು. ಅದೇ ಮಳೆಗೆ ಅಣೆಕಟ್ಟಿಲ್ಲದ ಗಂಗಾವಳಿಯೂ ಉಕ್ಕಿತು. ಇತ್ತ ಸಮುದ್ರಮಟ್ಟ ಏರಿದಂತೆ ಉಪ್ಪು ಒಳಗೊಳಗೆ ಸರಿಯುತ್ತದೆ. ನೆರೆ, ಉಪ್ಪು ಎರಡನ್ನೂ ತಾಳುವ ಬೀಜ ಇಲ್ಲಿಯದೇ. ಅದನ್ನು ರೈತರೇ ವರ್ಷವರ್ಷ ಬಿತ್ತಿ ಉಳಿಸಿಕೊಳ್ಳಬೇಕು. ಗಜನಿ ಪಾಳು ಬಿದ್ದಷ್ಟೂ ಬಿತ್ತುವವರು ಕಡಿಮೆಯಾಗುತ್ತಿದ್ದಾರೆ.